ಕಂಬಳಿ ಮಡಚಿ ಒದೆಸಿಕೊಂಡ ಬಗ್ಗೆ ಸೊಂಟದ ನರದವರಿಗೆ ಒಂದು ಅರ್ಜಿ

ಗೆ,
ಶ್ರೀಮಾನ್ ಎಲ್-ಫೈವ್ ನರದವರು,
ಸೊಂಟದ ಕೆಳತುದಿ, ಕೊನೆಯ ಎರಡು ಮಣಿಗಳ ಸಂದು, ಎಡಭಾಗ,
ಅರ್ಜಿದಾರನ ಬೆನ್ನು.

ಇಂದ,
ಗುರಣ್ಣ ಹೊರ್ತಿ, ಅರ್ಜಿ ಬರಹಗಾರ,
ಕಚೇರಿ ಆವರಣದ ಬೇವಿನ ಮರದ ಕೆಳಗೆ, ಇಂಡಿ.
ಸದ್ಯದ ಮುಕ್ಕಾಂ: ವಿಜಯಪುರದ ಒಂದು ದವಾಖಾನೆ, ಕಿಟಕಿ ಪಕ್ಕದ ಕಾಟು.

ವಿಷಯ: ಎಡಗಾಲಿನ ಹೆಬ್ಬೆರಳು ಮೇಲೇಳದಿರುವ ಬಗ್ಗೆ, ಹಾಗೂ ಆ ಪ್ರಕರಣದಲ್ಲಿ ನನ್ನ ಹೆಂಡತಿಯನ್ನು ನಿರ್ದೋಷಿಯೆಂದು ಸಾರುವ ಬಗ್ಗೆ.

ಮಾನ್ಯರೇ,

ತಮ್ಮ ಪಾದಗಳಿಗೆ ಶಿರಸಾಷ್ಟಾಂಗ ನಮಸ್ಕಾರ ಎಂದು ಆರಂಭಿಸಬೇಕೆಂದಿದ್ದೆ. ಆದರೆ ತಮಗಿರುವ ಪಾದವೆಂದರೆ ನನ್ನದೇ ಎಡಪಾದ, ಅದು ಸದ್ಯ ಯಾರ ನಮಸ್ಕಾರವನ್ನೂ ಸ್ವೀಕರಿಸುವ ಸ್ಥಿತಿಯಲ್ಲಿಲ್ಲ, ಸಾಷ್ಟಾಂಗ ಹಾಕುವ ಸ್ಥಿತಿಯಲ್ಲಿ ನಾನೂ ಇಲ್ಲ; ಆದ್ದರಿಂದ ಮಗ್ಗುಲಾಗಿ ಮಲಗಿದಲ್ಲಿಂದಲೇ ಕೈ ಮುಗಿಯುತ್ತಿದ್ದೇನೆ. ತಾವು ಕ್ಷೇಮವೆಂದು ಭಾವಿಸಿ ಪತ್ರ ಬರೆಯುವುದು ನಮ್ಮ ವೃತ್ತಿಯ ಪದ್ಧತಿ. ತಾವು ಕ್ಷೇಮವಾಗಿಲ್ಲ ಎನ್ನುವುದಕ್ಕೆ ಎಂಆರ್‌ಐ ಫೋಟೋ ಇದೇ ಕಾಟಿನ ಕೆಳಗಿದೆ, ಆದರೂ ಪದ್ಧತಿ ಬಿಡಬಾರದು. ನಾಳೆ ಬೆಳಿಗ್ಗೆ ಡಾಕ್ಟರ್ ಸುಜಾತಾ ಅವರು ನನ್ನ ಬೆನ್ನು ಕೊಯ್ದು ತಮ್ಮನ್ನು ಖುದ್ದಾಗಿ ಭೇಟಿಯಾಗುವವರಿದ್ದಾರೆ. ಅದಕ್ಕೂ ಮೊದಲು ನನ್ನ ಕಡೆಯ ಮಾತು ತಮಗೆ ಮುಟ್ಟಲಿ, ನಾಲ್ಕು ಜನರಿಗೂ ತಿಳಿಯಲಿ ಎಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗೆ ಬೇಕಿಲ್ಲ. ಹುಟ್ಟಿದಂದಿನಿಂದ ನನ್ನೊಳಗೇ ಬಾಡಿಗೆಯಿಲ್ಲದೆ ಇದ್ದೀರಿ. ಓದುವವರ ಸಲುವಾಗಿ ಹೇಳುತ್ತೇನೆ: ನಾನು ಊರವರ ಕಷ್ಟಗಳನ್ನು ಸರ್ಕಾರಕ್ಕೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡುವವನು. ಪಹಣಿಯಲ್ಲಿ ಹೆಸರು ತಪ್ಪಿದವರು, ಪಿಂಚಣಿ ನಿಂತವರು, ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದ ಹೊಲದವನು ನೇಗಿಲು ಹೊಡೆದು ಮುಚ್ಚಿದ ಕಾರಣ ಬಿತ್ತಲು ಎತ್ತು ಒಯ್ಯಲಾಗದವರು, ಎಲ್ಲರೂ ನನ್ನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂರುತ್ತಾರೆ. ನಾನು ಒಂದು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ರಟ್ಟಿಟ್ಟುಕೊಂಡು, ಬಗ್ಗಿ ಬರೆಯುತ್ತೇನೆ. ಕುರ್ಚಿ ಮೇಜು ಹಾಕಿಕೊಳ್ಳಿ ಎಂದು ಎಷ್ಟೋ ಜನ ಹೇಳಿದರು. ಎತ್ತರದಲ್ಲಿ ಕೂತವನ ಮುಂದೆ ಬಡವರು ಬಾಯಿ ಬಿಡುವುದಿಲ್ಲ ಎಂದು ನಾನು ದೊಡ್ಡ ತತ್ವಜ್ಞಾನಿಯ ಹಾಗೆ ಉತ್ತರ ಕೊಡುತ್ತಿದ್ದೆ, ಮತ್ತು ಆ ತತ್ವಜ್ಞಾನದ ಪೂರ್ತಿ ಭಾರವನ್ನು ತಾವು ಹೊತ್ತಿರಿ.

ಈಗ ಪ್ರಕರಣದ ಮೂಲಕ್ಕೆ ಬರುತ್ತೇನೆ. ಜೋಳದ ಚೀಲ ಎತ್ತಲು ಹೋಗಿ ನನ್ನ ಬೆನ್ನು ಹಿಡಿದುಕೊಂಡಿತೆಂದು ಇಂಡಿಯಿಂದ ದೇವರ ಹಿಪ್ಪರಗಿಯವರೆಗೆ ಸುದ್ದಿಯಿದೆ. ಆ ಸುದ್ದಿಯ ಕರ್ತೃ ನಾನೇ. ಹೊರ್ತಿ ಊರು ಮುಟ್ಟುವಷ್ಟರಲ್ಲಿ ಅದು ಎರಡು ಚೀಲವಾಗಿತ್ತು, ಅದನ್ನು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ನಡೆದದ್ದು ಏನೆಂದು ತಮಗೆ ಗೊತ್ತು: ಒಬ್ಬರ ಅರ್ಜಿ ಬರೆಯುತ್ತ ಕೂತಿದ್ದೆ, ಪೆನ್ನಿನ ಮುಚ್ಚಳ ಉರುಳಿ ಹಲಗೆಯ ಕೆಳಗೆ ಹೋಯಿತು, ತೆಗೆದುಕೊಳ್ಳಲು ಬಗ್ಗಿದೆ, ಬಗ್ಗಿದಲ್ಲೇ ಒಂದು ಸೀನು ಬಂತು. ಅಷ್ಟೇ. ಎಲ್ಲೋ ಒಳಗೆ ಚಟ್ಟೆಂದ ಹಾಗಾಯಿತು, ಮೇಲೇಳಲಾಗದೆ ಬಗ್ಗಿದಂತೆಯೇ ಉಳಿದುಬಿಟ್ಟೆ. ಪಕ್ಕದ ಝೆರಾಕ್ಸ್ ಅಂಗಡಿಯ ಸಿದ್ಧರಾಮ, ನನ್ನ ಬಾಲ್ಯದ ಗೆಳೆಯ, ಓಡಿ ಬಂದು ಹಿಡಿದುಕೊಂಡ. ಆಮೇಲೆ ನಾನು ಚೀಲದ ಕತೆ ಹೇಳುವಾಗಲೆಲ್ಲ ಆತ ಎಲ್ಲರೆದುರು, “ಲೇ ಗುರಣ್ಣಾ, ಚೀಲ ಅಲ್ಲೋ, ಮುಚ್ಚಳಾ! ನಾನ ನೋಡೇನಿ!” ಎಂದು ನನ್ನ ಮಾನ ಕಳೆಯುತ್ತಿದ್ದ.

ಅಂದಿನಿಂದ ತಾವು ನನಗೆ ಒದಗಿಸಿದ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆ. ನಮ್ಮ ಭಾಗದ ಹೊಲಗಳಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂಬುದು ದೇವರಿಗೇ ಗೊತ್ತು. ತಾವಾದರೋ ಹಬ್ಬ ಹರಿದಿನ ನೋಡದೆ, ಕುಂಡಿಯಿಂದ ಹೊರಟು ತೊಡೆಯ ಹೊರಮಗ್ಗುಲು ಹಿಡಿದು, ಮೊಣಕಾಲು ದಾಟಿ, ಮುಂಗಾಲ ಗುಂಟ ಇಳಿದು, ಹೆಬ್ಬೆರಳಿನ ತನಕ ಒಂದೇ ಸಮನೆ ಹರಿಸಿದಿರಿ. ಕೆಮ್ಮಿದರೆ ಹರಿಸಿದಿರಿ, ನಕ್ಕರೆ ಹರಿಸಿದಿರಿ, ಪಾಯಖಾನೆಯಲ್ಲಿ ಕೂತಾಗಂತೂ ವಿಶೇಷ ಕಾಳಜಿ ವಹಿಸಿ ಹರಿಸಿದಿರಿ. ಇಷ್ಟೊಂದು ನಿಷ್ಠೆಯಿಂದ ಕೆಲಸ ಮಾಡುವ ಇನ್ನೊಂದು ಇಲಾಖೆಯನ್ನು ನಾನು ನನ್ನ ವೃತ್ತಿಜೀವನದಲ್ಲಿ ಕಂಡಿಲ್ಲ.

ಹೆಂಡತಿ ಕಾಶಿಬಾಯಿಯ ಒತ್ತಾಯಕ್ಕೆ ಆಗಲೇ ಒಮ್ಮೆ ಡಾಕ್ಟರ್ ಸುಜಾತಾ ಅವರ ಬಳಿ ಬಂದಿದ್ದೆ. ಅವರು ಫೋಟೋವನ್ನು ಬೆಳಕಿಗೆ ಹಿಡಿದು ಸಮಾಧಾನವಾಗಿ ಎಲ್ಲ ಹೇಳಿದರು. ಎರಡು ಮಣಿಗಳ ನಡುವೆ ಒಂದು ಗಾದಿ ಇರುತ್ತದಂತೆ, ಆ ಗಾದಿ ಹರಿದು ಅದರೊಳಗಿನ ತಿರುಳು ಹೊರಗೆ ಬಂದು ತಮ್ಮ ದಾರಿಯ ಮೇಲೆ ಕೂತಿದೆಯಂತೆ. ಇದಕ್ಕೆ ಮೂರು ಹಾದಿಗಳಿವೆ ಎಂದರು. ಮೊದಲನೆಯದು ಗುಳಿಗೆ, ಹೇಳಿಕೊಟ್ಟ ವ್ಯಾಯಾಮ, ಬಗ್ಗಿ ಕೂರುವುದನ್ನು ಬಿಡುವುದು. ಬಹಳ ಜನರಿಗೆ ಕೆಲವು ವಾರಗಳಲ್ಲಿ ಇಷ್ಟಕ್ಕೇ ಗುಣವಾಗುತ್ತದೆ. ಅದರಿಂದ ಆಗದಿದ್ದರೆ ಬೆನ್ನಿನಲ್ಲಿ ತಮ್ಮ ಸುತ್ತ ಬಾವು ಇಳಿಸುವ ಒಂದು ಇಂಜೆಕ್ಷನ್. ಅದಕ್ಕೂ ಜಗ್ಗದಿದ್ದರೆ, ಇಲ್ಲವೇ ಕಾಲಿನ ಶಕ್ತಿ ಕುಂದಿದರೆ, ಸಣ್ಣ ಆಪರೇಷನ್ ಮಾಡಿ ಆ ತಿರುಳನ್ನು ತೆಗೆಯುವುದು. “ಪಾದ ಜೋಮು ಹಿಡಿದ್ರ, ಬೆರಳು ಏಳದಿದ್ರ, ಉಚ್ಚಿ ಕಟ್ಟಿದ್ರ, ತಡಾ ಮಾಡಬ್ಯಾಡ್ರಿ, ಅವತ್ತ ಬರ್ರಿ. ಅಲ್ಲೀತನಕ ಯಾರ ಕೈಲೂ ಬೆನ್ನ ತಿಕ್ಕಸಬ್ಯಾಡ್ರಿ,” ಎಂದು ಎರಡೆರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ಅರ್ಜಿ ನಮೂನೆಗಳನ್ನು ತುಂಬಿ ತುಂಬಿ ನನಗೊಂದು ಕೆಟ್ಟ ಚಟ ಹತ್ತಿದೆ ನೋಡಿ: ಕೊಟ್ಟ ಆಯ್ಕೆಗಳನ್ನೆಲ್ಲ ಬಿಟ್ಟು ಕಟ್ಟಕಡೆಗೆ ‘ಇತರೆ’ ಎಂದಿರುತ್ತದಲ್ಲ, ನನ್ನ ಕೈ ಅಲ್ಲಿಗೇ ಹೋಗುತ್ತದೆ.

ಇತರೆಯಲ್ಲಿ ಮೊದಲನೆಯದು ಸಿಂದಗಿ. ಗುಳಿಗೆ ತಿಂದರೆ ನಿದ್ದೆ ಹತ್ತಿ ಅರ್ಜಿಯ ನಡುವೆಯೇ ತೂಕಡಿಸಿ, ಒಬ್ಬರ ಮೃತ ತಂದೆಯ ಜಾಗದಲ್ಲಿ ಜೀವಂತ ಮಗನ ಹೆಸರು ಬರೆದಿದ್ದರಿಂದ, ಗುಳಿಗೆ ನಿಲ್ಲಿಸಿ ಸಿಂದಗಿಯ ಶಕೀಲ ಉಸ್ತಾದರ ಎಣ್ಣೆ ಮಾಲೀಶಿಗೆ ಹೋದೆ. ಉಸ್ತಾದರು ಮೊದಲು ಕುಸ್ತಿ ಆಡಿದವರು, ಈಗಲೂ ಮುಂದಿರುವುದು ರೋಗಿಯೋ ಎದುರಾಳಿಯೋ ಎಂದು ಅವರ ಕೈಗೆ ಗೊತ್ತಾಗುವುದಿಲ್ಲ. ಡಾಕ್ಟರು ಬೇಡವೆಂದದ್ದನ್ನು ನಾನು ಅವರಿಗೆ ಹೇಳಿರಲಿಲ್ಲವಾದ್ದರಿಂದ ಅವರದೇನೂ ತಪ್ಪಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಳಿದುಕೊಂಡು ನಾನು ವಾಪಸು ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಎದ್ದು ನಿಂತು, “ಆರಾಮ ಕುಂದರ್ರಿ ಕಾಕಾ, ನಾವ್ ನಿಂತ ಬರ್ತೇವಿ,” ಎಂದು ಮೂಗು ಮುಚ್ಚಿಕೊಂಡೇ ಮರ್ಯಾದೆ ತೋರಿಸಿದರು.

ಬಸವನ ಬಾಗೇವಾಡಿಯಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ತೂಕ ಕಟ್ಟಿ ಎಳೆಯುವ ಯಂತ್ರವಿದೆ ಎಂದು ಕೇಳಿ ಅಲ್ಲಿಗೂ ಹೋದೆ. ಎಳೆಯುವಾಗ ಹಿತವೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿಂದ ಇಂಡಿಯ ತನಕ ಬಸ್ಸು ರಸ್ತೆಯ ಪ್ರತಿ ತಗ್ಗಿಗೂ ಲೆಕ್ಕ ಒಪ್ಪಿಸುತ್ತ ಬಂದಾಗ, ಯಂತ್ರ ಎಳೆದು ಉದ್ದ ಮಾಡಿದ್ದನ್ನೆಲ್ಲ ಬಸ್ಸು ಕುಟ್ಟಿ ಗಿಡ್ಡ ಮಾಡಿತು. ಮುದ್ದೇಬಿಹಾಳದಲ್ಲಿ ಅಯಸ್ಕಾಂತದ ಹಾಸಿಗೆಯ ಉಚಿತ ಪ್ರದರ್ಶನವಿದೆ ಎಂದು ಸಿದ್ಧರಾಮ ಹೇಳಿದಾಗ ಅಲ್ಲಿಗೂ ಹೋಗಿ ಸಾಲಿನಲ್ಲಿ ಮಲಗಿ ಬಂದೆ. ನನ್ನ ಬೀಗದ ಕೈ ಹಾಸಿಗೆಗೆ ಅಂಟಿಕೊಂಡದ್ದು ಬಿಟ್ಟರೆ ಬೇರೆ ಪರಿಣಾಮ ಕಾಣಲಿಲ್ಲ. ಅಗರಖೇಡದ ಹತ್ತಿರ ಭೀಮಾ ನದಿಯ ಬಿಸಿ ಉಸುಕಿನಲ್ಲಿ ಸೊಂಟದ ತನಕ ಹೂತುಕೊಂಡೆ. ಮೇಲೆತ್ತಲು ಬರುತ್ತೇನೆಂದ ಸಿದ್ಧರಾಮ ಚಹಾ ಕುಡಿಯಲು ಹೋಗಿ ಅಲ್ಲೇ ಮಾತಿಗೆ ಕೂತ. ಆ ಹಾದಿಯಲ್ಲಿ ಬಂದ ಎಮ್ಮೆಯೊಂದು ನನ್ನನ್ನು ಬಹಳ ಹೊತ್ತು ನೋಡಿತು, ಅದಕ್ಕೆ ನನ್ನ ಬಗ್ಗೆ ಏನನ್ನಿಸಿತೋ ಏನೋ, ನಿಟ್ಟುಸಿರು ಬಿಟ್ಟು ಹೋಯಿತು.

ಮಾನ್ಯರೇ, ಇಷ್ಟು ಊರು ತಿರುಗಿದ ಮನುಷ್ಯನ ಮನೆಯಲ್ಲೇ ಬೆನ್ನುನೋವಿಗೆ ಸುತ್ತ ಹತ್ತು ಹಳ್ಳಿಗಳಲ್ಲಿ ಹೆಸರಾದ ಚಿಕಿತ್ಸೆಯೊಂದಿತ್ತು ಎಂಬುದನ್ನು ಈಗ ನಾಚಿಕೆಯಿಂದ ನಿವೇದಿಸುತ್ತೇನೆ. ನನ್ನ ಹೆಂಡತಿ ಕಾಶಿಬಾಯಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬೆನ್ನಿಗೆ ಮೆಲ್ಲಗೆ ಒದ್ದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಅವಳನ್ನು ಮದುವೆಯಾಗಿ ಕರೆತಂದಾಗಿನಿಂದ ಪ್ರತಿ ಆದಿತವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಯಾರಾದರೂ ಬೆನ್ನು ತಿರುಗಿಸಿ ನಿಂತಿರುತ್ತಾರೆ. ಅವಳು ಒಲೆಯ ಮೇಲಿನ ಚಹಾ ಇಳಿಸಿ ಬಂದು, ದೇವರ ಹೆಸರು ಹೇಳಿ, ಎಡಗಾಲಿನಿಂದ ಮೂರು ಸಲ ತಾಕಿಸಿ, ತಿರುಗಿ ನೋಡದೆ ಹೋಗಿ ಎಂದು ಕಳಿಸುತ್ತಾಳೆ. ಒಂದು ಪೈಸೆ ಮುಟ್ಟುವುದಿಲ್ಲ. ಅರ್ಧ ಜನರಿಗಂತೂ ಹಿಂದಿರುಗಿ ಹೋಗುವಾಗಲೇ ಹಗುರಾಗಿರುತ್ತಿತ್ತು. ನಾನು ಪೇಪರ್ ಓದುತ್ತ ಕೂತು, ವಿಜ್ಞಾನದ ಕಾಲದಲ್ಲಿ ಇದೇನು ಎಂದು ನಗುತ್ತಿದ್ದೆ. ನಾಲ್ಕೂ ತಾಲೂಕು ಸುತ್ತಿ, ಉಸುಕಿನಲ್ಲಿ ಹೂತು, ಎಮ್ಮೆಯ ಕನಿಕರಕ್ಕೂ ಪಾತ್ರನಾದ ಮೇಲೆ ನನ್ನ ವಿಜ್ಞಾನ ಸ್ವಲ್ಪ ಮೆತ್ತಗಾಯಿತು. ಒಂದು ಆದಿತವಾರ ಅಗರಖೇಡದವರೊಬ್ಬರನ್ನು ಕಳಿಸಿ ಅವಳು ಒಳಗೆ ಬರುತ್ತಿದ್ದಾಗ ನಾನೂ ಬಾಗಿಲಿಗೆ ಬೆನ್ನು ಮಾಡಿ ನಿಂತೆ.

ಅವಳು ಹೌಹಾರಿದಳು. “ಹುಚ್ಚಗಿಚ್ಚ ಹಿಡದೈತೇನ್ರಿ? ಗಂಡಗ ಕಾಲ ಹಚ್ಚತಾರೇನ್ರಿ ಯಾರರ?” ಎಂದಳು. ಅದೂ ಅಲ್ಲದೆ ಡಾಕ್ಟರ್ ಬಾಯಿಯವರು ಬೆನ್ನು ಮುಟ್ಟಿಸಬೇಡಿ ಎಂದಿದ್ದಾರೆ, ತನ್ನ ಕಾಲೇನಿದ್ದರೂ ಹಿಡಿದುಕೊಂಡ ಬೆನ್ನಿಗೆ ಸರಿ, ಇದು ಅಂಥದ್ದಲ್ಲ ಎಂದಳು. ಅಲ್ಲಿಗೆ ಬಿಡಬೇಕಿತ್ತು. ಬಿಟ್ಟರೆ ನಾನು ಅರ್ಜಿ ಬರಹಗಾರ ಹೇಗಾದೇನು? ಮರುದಿನವೇ ನನ್ನ ಹೆಂಡತಿಗೆ ‘ಮಾನ್ಯಳೇ’ ಎಂದು ಸಂಬೋಧಿಸಿ ಒಂದು ಅರ್ಜಿ ಬರೆದೆ. ಊರಿಗೆಲ್ಲ ಉಪಕಾರವಾಗುತ್ತಿರುವ ಕಾಲು ಮನೆಯವನೊಬ್ಬನಿಗೆ ಮಾತ್ರ ನಿಷೇಧವಾಗಿರುವುದು ನ್ಯಾಯವೇ ಎಂದು ಕೇಳಿದೆ. ಅವಳು ಅದನ್ನು ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿದಳು. ಆಗ ನಾನು ಮೇಲ್ಮನವಿಗೆ ಹೋದೆ. ನಮ್ಮ ಓಣಿಯ ಹಿರಿಯಳು ಲಕ್ಕವ್ವ, ಕುರಿ ಸಾಕಿದ ಮನೆತನದವಳು, ಓಣಿಯ ಜಗಳಗಳಿಗೆಲ್ಲ ಅವಳದೇ ಕೊನೆಯ ತೀರ್ಪು. ಆಕೆ ಎಲೆಅಡಿಕೆ ಕುಟ್ಟುತ್ತ ಎರಡೂ ಕಡೆಯ ವಾದ ಕೇಳಿ, ಎದ್ದು ಹೋಗಿ ತನ್ನ ಕರಿ ಕಂಬಳಿ ತಂದು ನಾಲ್ಕು ಮಡಿಕೆ ಮಾಡಿ ನನ್ನ ಬೆನ್ನಿಗೆ ಹಿಡಿದಳು. “ನಡಕ ಕಂಬಳಿ ಇದ್ರ ಕಾಲ ಕಂಬಳಿಗಿ ತಾಕತೈತಿ, ಗಂಡಗಲ್ಲ. ಒದಿಯವ್ವಾ, ಪಾಪ ಇದ್ರ ನನಗ ಬರಲಿ!” ಎಂದಳು.

ಒಲ್ಲೆ ಒಲ್ಲೆ ಎನ್ನುತ್ತಲೇ ಕಾಶಿಬಾಯಿ ಮೂರು ಸಲ ತಾಕಿಸಿದಳು. ಅದನ್ನು ಒದೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬಾಗಿಲಲ್ಲಿ ಮಲಗಿದ ಬೆಕ್ಕನ್ನು ಆಚೆ ಸರಿಸುವಷ್ಟು ಮೆತ್ತಗಿತ್ತು. ಆ ವಾರ ಮುಗಿಯುವುದರೊಳಗೆ, ಮಾನ್ಯರೇ, ತಾವು ಸುಮ್ಮನಾದಿರಿ. ಕಾಲಿನ ಗುಂಟ ಹರಿಯುತ್ತಿದ್ದ ಬೆಂಕಿ ಒಂದು ಬೆಳಿಗ್ಗೆ ಇರಲಿಲ್ಲ. ಕೆಮ್ಮಿ ನೋಡಿದೆ, ಇಲ್ಲ. ನಕ್ಕು ನೋಡಿದೆ, ಇಲ್ಲ. ಪಾಯಖಾನೆಯಿಂದ ರಾಜನ ಹಾಗೆ ಹೊರಗೆ ಬಂದೆ. ಓಣಿಗೆಲ್ಲ ಪೇಢೆ ಹಂಚಿದೆ, ಕಚೇರಿ ಆವರಣದಲ್ಲಿ ಹಂಚಿದೆ, ಸಿದ್ಧರಾಮ ಕಾಶಿಬಾಯಿಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ. ಮುಂದಿನ ಆದಿತವಾರ ನಮ್ಮ ಬಾಗಿಲಲ್ಲಿ ಸಾಲು ಓಣಿಯ ತಿರುವಿನ ತನಕ ಇತ್ತು. ಅವಳು ಬೇಸರ ಮಾಡಿಕೊಂಡ ಹಾಗೆ ಮಾಡಿದರೂ ಆ ದಿನ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ನಾನು ಅವಳ ಪಕ್ಕದಲ್ಲಿ ನಿಂತು, ಜೋಳದ ಚೀಲದಿಂದ ಹಿಡಿದು ಕಂಬಳಿಯ ತನಕ ಪೂರ್ತಿ ಕತೆಯನ್ನು ಬಂದವರಿಗೆಲ್ಲ ಹೇಳಿದೆ.

ಆಮೇಲೆ ಚಪ್ಪಲಿ ಜಾರತೊಡಗಿತು. ಎಡಗಾಲಿನದು ಮಾತ್ರ. ಬಜಾರಕ್ಕೆ ಹೋದರೆ ಎಲ್ಲಿ ಕಳಚಿ ಬಿತ್ತೆಂಬುದೇ ಗೊತ್ತಾಗುತ್ತಿರಲಿಲ್ಲ, ಹಿಂದಿನಿಂದ ಯಾರಾದರೂ, “ಗುರಣ್ಣಾರ, ನಿಮ್ಮದೊಂದು ಇಲ್ಲೇ ಉಳೀತ ನೋಡ್ರಿ!” ಎಂದು ಕೂಗಿ ಕೈಯಲ್ಲಿ ಹಿಡಿದು ತರುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ? ಚಪ್ಪಲಿಯ ಮೇಲೆ. ಅಂಗಡಿಗೆ ಹೋಗಿ ಹೀಗೆ ಸಡಿಲ ಚಪ್ಪಲಿ ಮಾರುತ್ತೀರಲ್ಲ, ಗ್ರಾಹಕರ ವೇದಿಕೆಗೆ ಬರೆಯುತ್ತೇನೆ ಎಂದು ಗದ್ದಲ ಎಬ್ಬಿಸಿ ಹೊಸ ಜೋಡಿ ತಂದೆ. ಅದೂ ಜಾರಿತು. ಹೊಸ್ತಿಲು ಎಡವಿದೆ, ಹೊಸ್ತಿಲೇ ಎತ್ತರವಾಗಿದೆ ಎಂದೆ. ನೆಲದ ಮೇಲೆ ಪಾದ ಪಟಕ್ ಪಟಕ್ ಎಂದು ಬೀಳುತ್ತಿತ್ತು, ಹೊಸ ಚಪ್ಪಲಿಯ ಸದ್ದು ಎಂದೆ. ಒಂದು ದಿನ ಬರಿಗಾಲಲ್ಲಿ ಪಡಸಾಲೆ ದಾಟುತ್ತಿದ್ದಾಗಲೂ ಅದೇ ಸದ್ದು ಬಂತು. ರೊಟ್ಟಿ ಬಡಿಯುತ್ತಿದ್ದ ಕಾಶಿಬಾಯಿಯ ಕೈ ನಿಂತಿತು. “ಇಲ್ಲಿ ಬರ್ರಿ. ಹೆಬ್ಬಟ್ಟ ಮ್ಯಾಲ ಎತ್ರಿ ನೋಡೂನು,” ಎಂದಳು. ನಾನು ಎತ್ತಿದೆ. ಎತ್ತಿದ್ದೇನೆ ಎಂದುಕೊಂಡೆ. ಬೆರಳು ಇದ್ದಲ್ಲೇ ಇತ್ತು.

ಡಾಕ್ಟರ್ ಸುಜಾತಾ ಅವರು ಅದೇ ಬೆರಳಿನ ಮೇಲೆ ತಮ್ಮ ಒಂದು ಬೆರಳಿಟ್ಟು, ಎತ್ತಿ ಎಂದರು. ಆ ಒಂದು ಬೆರಳಿನ ಭಾರವನ್ನು ಸರಿಸಲು, ಎರಡು ಚೀಲ ಜೋಳ ಎತ್ತಿದ ಈ ಮಹಾಶಯನಿಂದ ಆಗಲಿಲ್ಲ. ನೋವೇ ಹೋಗಿತ್ತಲ್ಲ ಎಂದು ನಾನು ದಡ್ಡನ ಹಾಗೆ ಕೇಳಿದೆ. “ನೋವು ಹೋಗಿದ್ದು ಆರಾಮಾಗಿದ್ದಕ್ಕಲ್ರಿ. ಅದುಮಿ ಅದುಮಿ ನರಕ್ಕ ಒದರೋ ಶಕ್ತಿನೂ ಉಳಿದಿಲ್ಲ, ಅದಕ್ಕ ಸುಮ್ಮನಾಗೇತಿ. ಇನ್ನ ಇದಕ್ಕ ಗುಳಿಗಿ ಇಲ್ಲ, ಇಂಜೆಕ್ಷನ್ ಇಲ್ಲ, ಆಪರೇಷನ್ ಒಂದ. ಜಲ್ದಿ ಮಾಡಿದ್ರ ಬೆರಳು ತಿರುಗಿ ಬರೋ ಆಶಾ ಐತಿ. ಬಂದ ಬರ್ತದಂತ ಬರದ ಕೊಡಂಗಿಲ್ಲ ನಾನು,” ಎಂದರು.

ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಈ ಪತ್ರ ಬರೆಯುತ್ತಿರುವುದು ನನ್ನ ಭಯದ ಸಲುವಾಗಿ ಅಲ್ಲ. ಆ ಮಾತು ಕೇಳಿದಾಗ ಪಕ್ಕದಲ್ಲಿದ್ದ ಕಾಶಿಬಾಯಿಯ ಮುಖ ಸುಣ್ಣ ಬಳಿದಂತಾಯಿತು. “ಬಾಯಾರ, ನಾ ಒದ್ದೀನ್ರಿ,” ಎಂದಳು. ಡಾಕ್ಟರು ಎಲ್ಲ ಕೇಳಿಸಿಕೊಂಡು, ಕಂಬಳಿಯ ಮೇಲಿನ ಅಷ್ಟು ಮೆತ್ತನೆಯ ಕಾಲಿನಿಂದ ಹೀಗಾಗುವುದಿಲ್ಲ, ತಿರುಳು ತಿಂಗಳುಗಟ್ಟಲೆ ಅಲ್ಲೇ ಕೂತು ಅದುಮಿದ್ದರಿಂದ ಆದದ್ದು, ಆದರೂ ಇನ್ನು ಮುಂದೆ ಇಂಥ ಬೆನ್ನಿಗೆ ಯಾರೂ ಕಾಲು ಹಚ್ಚಬಾರದು ಎಂದು ಬಿಡಿಸಿ ಹೇಳಿದರು. ಕಾಶಿಬಾಯಿ ಕೊನೆಯ ಮಾತನ್ನು ಮಾತ್ರ ಕೇಳಿಸಿಕೊಂಡಳು.

ದವಾಖಾನೆಗೆ ಸೇರುವ ಮೊದಲಿನ ಆದಿತವಾರ ಬಾಗಿಲಿಗೆ ಬಂದವರನ್ನೆಲ್ಲ ಅವಳು ಹಿಂದಕ್ಕೆ ಕಳಿಸಿದಳು. “ನನ್ನ ಕಾಲಾಗ ಏನೂ ಇಲ್ರಿ. ದವಾಖಾನಿಗೆ ಹೋಗ್ರಿ,” ಎಂದು ಕದ ಹಾಕಿದಳು. ಅದು ಒಳ್ಳೆಯದೇ, ಡಾಕ್ಟರು ಹೇಳಿದ್ದೂ ಅದನ್ನೇ. ಆದರೆ ಅಂದಿನಿಂದ ಅವಳು ಎಲ್ಲಿ ಕೂತರೂ ಎಡಗಾಲನ್ನು ಮಡಚಿ ಸೀರೆಯ ಒಳಗೆ, ತನ್ನ ಅಡಿಗೆ ಹಾಕಿಕೊಂಡು ಕೂರುತ್ತಾಳೆ. ಯಾರೋ ಕಂಡುಬಿಡುತ್ತಾರೆ ಎನ್ನುವ ಹಾಗೆ. ಈಗ ನಾನು ಇದನ್ನು ಬರೆಯುತ್ತಿರುವಾಗಲೂ ಎದುರಿನ ಸ್ಟೂಲಿನ ಮೇಲೆ ಹಾಗೇ ಕೂತಿದ್ದಾಳೆ, ಕಾಲು ಜೋಮು ಹಿಡಿದಿರಬೇಕು, ತೆಗೆಯುತ್ತಿಲ್ಲ. ಊರವರ ಬೆನ್ನು ಸರಿಪಡಿಸಿದ ಕಾಲು ಅದು ಎಂದು ಅವಳಿಗಿದ್ದ ಒಂದೇ ಒಂದು ಸಣ್ಣ ಹೆಮ್ಮೆಯನ್ನು ನಾನು ಪೇಢೆ ಹಂಚಿ ಹಾಳು ಮಾಡಿದೆ. ನನಗೆ ತಡೆಯಲಾಗುತ್ತಿಲ್ಲ, ಮಾನ್ಯರೇ.

ಇಲ್ಲಿಯವರೆಗೆ ಬರೆದು, ವೃತ್ತಿಯ ರೂಢಿಯಂತೆ ಮೇಲಿನಿಂದ ಒಮ್ಮೆ ಓದಿದಾಗ ನನ್ನ ಅರ್ಜಿಯಲ್ಲಿ ಒಂದು ಭಾರಿ ದೋಷ ಕಂಡಿತು. ನಾನು ದೂರು ಬರೆಯಲು ಕೂತದ್ದು ತಮ್ಮ ಮೇಲೆ. ಆದರೆ ಸಂಗತಿಗಳನ್ನು ನೋಡಿದರೆ ತಾವು ಇಲ್ಲಿ ಆರೋಪಿಯೇ ಅಲ್ಲ. ತಮ್ಮ ದಾರಿಯ ಮೇಲೆ ಬೇರೊಬ್ಬ ಬಂದು ಕೂತ. ತಾವು ಕೂಗಿ ಹೇಳಿದಿರಿ, ಹಗಲೂ ರಾತ್ರಿ ಹೇಳಿದಿರಿ. ಕೇಳಬೇಕಾದವನು ನಾನು. ನಾನೇನು ಮಾಡಿದೆ? ತಮ್ಮನ್ನು ಸಿಂದಗಿಗೆ ಕಳಿಸಿದೆ, ಬಾಗೇವಾಡಿಗೆ ಕಳಿಸಿದೆ, ಮುದ್ದೇಬಿಹಾಳದಲ್ಲಿ ವಿಚಾರಿಸಿ ಎಂದೆ, ನಾಳೆ ಬನ್ನಿ ಎಂದೆ. ಯಾವ ಕುರ್ಚಿಯಲ್ಲಿ ಕೂತವರನ್ನು ಜೀವನವಿಡೀ ಬೈಯುತ್ತ ಬಂದೆನೋ, ನನ್ನದೇ ಬೆನ್ನಿನ ವಿಷಯದಲ್ಲಿ ಅದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತೆ, ಕುರ್ಚಿಯೇ ಬೇಡವೆನ್ನುತ್ತಿದ್ದ ದೊಡ್ಡ ಮನುಷ್ಯ! ಕಡೆಗೆ ತಾವು ದಣಿದು ಬರುವುದನ್ನು ನಿಲ್ಲಿಸಿದಾಗ, ಕೆಲಸ ಮುಗಿಯಿತೆಂದು ಸಿಹಿ ಹಂಚಿದೆ. ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಅರ್ಜಿ ಬರೆಸಿದವರಲ್ಲಿ ಎಷ್ಟೋ ಜನ ತಿರುಗಿ ತಿರುಗಿ ಸಾಕಾಗಿ ಬರುವುದನ್ನೇ ಬಿಟ್ಟಿದ್ದಾರೆ. ಅವರ ಕೆಲಸ ಆಗಿರುವುದಿಲ್ಲ. ಅದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಆದ್ದರಿಂದ ದೂರನ್ನು ವಾಪಸು ಪಡೆದು, ಅದೇ ಕಾಗದದ ಮೇಲೆ ಈ ಕೆಳಗಿನಂತೆ ಬೇಡಿಕೊಳ್ಳುತ್ತೇನೆ. ನಾಳೆ ಡಾಕ್ಟರು ತಮ್ಮ ದಾರಿ ಬಿಡಿಸಿಕೊಟ್ಟ ಮೇಲೆ ತಾವು ದೊಡ್ಡ ಮನಸ್ಸು ಮಾಡಿ ಮತ್ತೆ ಕೆಲಸಕ್ಕೆ ಹಾಜರಾಗಬೇಕು. ನಾನು ಓಡುತ್ತೇನೆ, ಹಾರುತ್ತೇನೆ ಎಂದೇನೂ ಅಲ್ಲ, ಮೊದಲೂ ಓಡಿದವನಲ್ಲ. ಹೆಬ್ಬೆರಳು ಒಂದು ಜೋಳದ ಕಾಳಿನಷ್ಟು ಮೇಲೆದ್ದರೆ ಸಾಕು, ಅದೂ ಕಾಶಿಬಾಯಿ ನೋಡುತ್ತಿರುವಾಗಲೇ ಏಳಬೇಕು, ಡಾಕ್ಟರು ನೋಡಿದರೆ ಲೆಕ್ಕಕ್ಕಿಲ್ಲ. ನೋವು ಬೇಕಿದ್ದರೆ ಮತ್ತೆ ಕಳಿಸಿ, ಸಂತೋಷದಿಂದ ಸ್ವೀಕರಿಸುತ್ತೇನೆ. ಮುಂದೆ ಕಳಿಸುವಾಗ ದಯವಿಟ್ಟು ಎರಡು ಪ್ರತಿಗಳಲ್ಲಿ ಕಳಿಸಿ, ಒಂದನ್ನು ನೇರವಾಗಿ ಕಾಶಿಬಾಯಿಗೆ ಕೊಡಿ, ಯಾಕೆಂದರೆ ನಮ್ಮಿಬ್ಬರಲ್ಲಿ ಕಿವಿಗೊಡುವವಳು ಅವಳೇ. ಇದಕ್ಕೆ ಬದಲಾಗಿ ನಾನು ಕುರ್ಚಿ ಮೇಜು ಹಾಕಿಕೊಳ್ಳುತ್ತೇನೆ, ಎದುರಿಗೆ ಬಂದವರಿಗೂ ಅಷ್ಟೇ ಎತ್ತರದ ಇನ್ನೊಂದು ಕುರ್ಚಿ ಹಾಕುತ್ತೇನೆ, ಮತ್ತು ಪೆನ್ನಿನ ಮುಚ್ಚಳವನ್ನು ದಾರದಿಂದ ಪೆನ್ನಿಗೇ ಕಟ್ಟುತ್ತೇನೆ ಎಂದು ಈ ಮೂಲಕ ಬರೆದುಕೊಡುತ್ತೇನೆ.

ತಮ್ಮ ಆಧಾರದ ಮೇಲೆಯೇ ಇಷ್ಟು ವರ್ಷ ನಿಂತ, ಸದ್ಯಕ್ಕೆ ಮಲಗಿರುವ ವಿಶ್ವಾಸಿ,
ಗುರಣ್ಣ ಹೊರ್ತಿ

ಪ್ರತಿ: ಹರಿದ ಗಾದಿಯವರಿಗೆ, ನಾಳೆ ಬೆಳಗಿನೊಳಗೆ ಜಾಗ ಖಾಲಿ ಮಾಡತಕ್ಕದ್ದೆಂಬ ಎಚ್ಚರಿಕೆಯೊಂದಿಗೆ.

ತಾಜಾ ಕಲಂ: ಈ ಪತ್ರವನ್ನು ಕಳಿಸುವುದರೊಳಗೆ ಆಪರೇಷನ್ ಮುಗಿದುಹೋಯಿತು. ಮೊದಲ ದಿನ ತಮ್ಮಿಂದ ಉತ್ತರವಿಲ್ಲ. ಎರಡನೆಯ ದಿನವೂ ಇಲ್ಲ. ಆ ದಿನ ಕಾಶಿಬಾಯಿ ಊಟ ಮಾಡಲಿಲ್ಲ, ಮತ್ತು ತಮ್ಮ ಬಗ್ಗೆ ನಾನು ಆಡಿದ ಮಾತುಗಳನ್ನು ಬಹಿರಂಗ ಪತ್ರದಲ್ಲಿ ಹಾಕುವಂತಿಲ್ಲ. ಇವತ್ತು ಮಧ್ಯಾಹ್ನ ಅವಳು ಸ್ಟೂಲಿನ ಮೇಲೆ ಅದೇ ರೀತಿ ಕಾಲು ಮಡಚಿ ಕೂತು ನನ್ನ ಎಡಪಾದವನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ, “ತಡೀರಿ. ಇನ್ನೊಮ್ಮಿ ಮಾಡ್ರಿ,” ಎಂದಳು. ನಾನೇನೂ ಮಾಡಿರಲಿಲ್ಲ, ಆದರೂ ಇನ್ನೊಮ್ಮೆ ಮಾಡಿದೆ. ಹೆಬ್ಬೆರಳು ಎದ್ದಿತು. ಜೋಳದ ಕಾಳಿನಷ್ಟೂ ಇಲ್ಲ, ಸಾಸಿವೆಯಷ್ಟು. ಪೂರ್ತಿ ಶಕ್ತಿ ಬರಲು ತಿಂಗಳುಗಳೇ ಬೇಕು, ಬರದೆಯೂ ಇರಬಹುದು ಎಂದು ಡಾಕ್ಟರು ಆಮೇಲೆ ಹೇಳಿದರು. ಆದರೆ ಎದ್ದಿತು, ಅವಳು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮೂಗೂ ಒರೆಸಿಕೊಂಡಳು. ಆಮೇಲೆ ಸೀರೆಯೊಳಗಿಂದ ಎಡಗಾಲನ್ನು ಹೊರಗೆ ತೆಗೆದು, ನೆಲಕ್ಕೆ ಊರಿ, ಜೋಮು ಬಿಡಿಸಿಕೊಳ್ಳಲು ಎರಡು ಸಲ ಕುಟ್ಟಿ, ಎದ್ದು ನಿಂತು ನನಗೆ ಹೇಳಿದ್ದನ್ನು ತಮ್ಮ ಅವಗಾಹನೆಗಾಗಿ ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ, ಯಾಕೆಂದರೆ ಆ ದಿನ ತಾವೂ ಅಲ್ಲೇ ಇರುತ್ತೀರಿ: “ಪೂರಾ ಆರಾಮಾಗಿ ಎದ್ದ ನಿಂದರ್ರಿ ಮೊದಲ. ಡಾಕ್ಟರ್ ಬಾಯಿನ್ನ ಕೇಳಿ, ಅವರು ಹೂಂ ಅಂದ ದಿವಸ ಒದೀತೇನಿ ನಿಮಗ. ಆವತ್ತ ಕಂಬಳಿ ಇರಂಗಿಲ್ಲ.”